ಒಳಚಿಲಕ

"ಇನ್ನೊಂದ್ಸಲ ಒತ್ತಮ್ಮ. ಗಟ್ಟಿಯಾಗಿ."

ಒತ್ತಿದಳು. ಬೆರಳಚ್ಚಿನ ಯಂತ್ರದಲ್ಲಿ ಕೆಂಪು ದೀಪ.

"ಒರೆಸ್ಕೊಂಡು ಒತ್ತು," ಎಂದ ಮೇಜಿನ ಗುಮಾಸ್ತ.

ನೀಲಿ ಕೋಟಿಗೆ ಹೆಬ್ಬೆರಳನ್ನು ಉಜ್ಜಿ ಒತ್ತಿದಳು. ಕೆಂಪು. ಎಡಗೈಯದು ಕೊಟ್ಟಳು. ಕೆಂಪು. ತೋರುಬೆರಳು, ನಡುಬೆರಳು, ಕಿರುಬೆರಳು. ಕೆಂಪು, ಕೆಂಪು, ಕೆಂಪು. ಹಿಂದೆ ಸಾಲು ನಿಂತಿತ್ತು. ಲೆಕ್ಚರರ್ ಒಬ್ಬರು ಎಲ್ಲರಿಗೂ ಕೇಳುವಂತೆ ಉಸಿರು ಬಿಟ್ಟರು.

"ಕಾಲ್ಬೆಳ್ಳೂ ಇಟ್ಬುಡೇ ಸರ್ಫಮ್ಮ, ಅದನ್ನಾದ್ರೂ ಒಪ್ಕಂತದೇನೋ ನೋಡವ," ಎಂದಳು ಹಿಂದಿನಿಂದ ಮುನಿಯಮ್ಮ. ಗುಡಿಸುವ, ತೊಳೆಯುವ ಕೆಲಸದ ನೀಲಿ ಕೋಟಿನ ಹೆಂಗಸರೆಲ್ಲ ನಕ್ಕರು. ಶರ್ಫುನ್ನೀಸಾ ಕೂಡ ನಕ್ಕಳು. ಅವಳ ಹೆಸರು ಇವರ ಬಾಯಲ್ಲಿ ಸವೆದು ಸರ್ಫಮ್ಮ ಆಗಿ ವರ್ಷಗಳಾಗಿದ್ದವು.

ಮೇಜಿನ ಹಿಂದಿನಿಂದ ಬಾಲರಾಜು ಎದ್ದು ಬಂದ. ವಿಶ್ವವಿದ್ಯಾಲಯದ ನೌಕರರ ಸಂಘಕ್ಕೆ ಅವನು ಕಾರ್ಯದರ್ಶಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯಲ್ಲಿ ಕಾರ್ಡು.

"ಯಂತ್ರಕ್ಕೇನ್ರೀ ಗೊತ್ತು ಮನುಷ್ಯರ ವಿಷಯ? ಅಕ್ಕ ನಮ್ಮ ಸ್ಟಾಫು. ದಿನಾ ಕಾಣ್ತಾ ಇದ್ದೀನಿ. ನಾನ್ ಹೇಳ್ತೀನಿ, ಸಾಕು."

ತನ್ನ ಕಾರ್ಡನ್ನು ಯಂತ್ರದ ಮೇಲೆ ಆಡಿಸಿದ. ಹಸಿರು ದೀಪ ಬಂತು. ಗುಲಾಬಿ ಬಣ್ಣದ ಮತಪತ್ರ ಅವಳ ಕೈಗೆ ಬಂತು.

ಮತ ಇದ್ದದ್ದು ಮನೆಗೆ. ಸಂಘದ ಕ್ಷೇಮನಿಧಿಗೆ ಎಲ್ಲರ ಸಂಬಳದಿಂದಲೂ ತಿಂಗಳು ತಿಂಗಳು ಹಿಡಿಯುತ್ತಾರೆ. ಪ್ರೊಫೆಸರರದೂ ಹಿಡಿಯುತ್ತಾರೆ, ಕಕ್ಕಸು ತೊಳೆಯುವವರದೂ ಹಿಡಿಯುತ್ತಾರೆ. ಆ ನಿಧಿಯಿಂದ, ಮನೆ ಕೊಳ್ಳುವ ನೌಕರರಿಗೆ ಮೊದಲು ಕಟ್ಟಬೇಕಾದ ಮುಂಗಡವನ್ನು ಸಾಲವಾಗಿ ಕೊಡಬೇಕೇ, ಬೇಡವೇ? ಮುಂಗಡ ಕಟ್ಟಿದರೆ ಉಳಿದದ್ದಕ್ಕೆ ಬ್ಯಾಂಕಿದೆ. ಮುಂಗಡವೇ ಇಲ್ಲದವರಿಗೆ ಬ್ಯಾಂಕೂ ಇಲ್ಲ. ಸದಸ್ಯರಲ್ಲಿ ಅರ್ಧದಷ್ಟು ಜನ ಮತ ಹಾಕದಿದ್ದರೆ ಪ್ರಸ್ತಾವ ಬಿದ್ದುಹೋಗುತ್ತದೆ. ಅಂದು ಶನಿವಾರ. ಹೆಚ್ಚಿನ ಮೇಷ್ಟರುಗಳು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿಬಿಟ್ಟಿದ್ದರು.

ಅದಕ್ಕೇ ಬಾಲರಾಜು ಆ ವಾರವೆಲ್ಲ ಮೆಟ್ಟಿಲಿನ ಕೆಳಗೆ ಬಂದು ಕೂತಿದ್ದ. ಪೊರಕೆ, ಬಕೆಟ್ಟು, ಆಸಿಡ್ ಕ್ಯಾನು ಇಡುವ ಜಾಗ. ನೀಲಿ ಕೋಟಿನವರು ಊಟ ಮಾಡುವುದೂ ಅಲ್ಲೇ. ಪ್ಯಾಂಟು ಕೊಳೆಯಾಗುತ್ತದೆಂದು ನೋಡದೆ ನೆಲದ ಮೇಲೇ ಕೂತ. ಅವರ ಲೋಟದಲ್ಲೇ ಟೀ ಕುಡಿದ.

"ನೀವೂ ಸ್ಟಾಫೇ ಕಣಕ್ಕಾ. ನಿಮ್ ಓಟಿಗೂ ಅಷ್ಟೇ ತೂಕ, ವೈಸ್ ಚಾನ್ಸಲರ್ ಓಟಿಗೂ ಅಷ್ಟೇ ತೂಕ. ಇದ್ ಪಾಸಾದ್ರೆ ಎಲ್ರಿಗೂ ಮನೆ."

"ನಮ್ಗೂವಾ?" ಎಂದಿದ್ದಳು ಶರ್ಫುನ್ನೀಸಾ.

"ಎಲ್ರಿಗೂ ಅಂದ್ರೆ ಎಲ್ರಿಗೂ."

ಅವನು ಹೋದ ಮೇಲೆ ಮುನಿಯಮ್ಮ ಲೋಟ ತೊಳೆಯುತ್ತಾ ಅಂದಳು: "ಕಬ್ಬಾಳಮ್ಮನ ಮುಂದೆ ಆಣೆ ಮಾಡ್ಸು, ಆಗ ನಂಬ್ತೀನಿ. ಊಟದ ಪೊಟ್ಣ ಕೊಡ್ತಾರಂತೆ. ನಾನು ಅದಕ್ಕೆ ಬತ್ತೀನಿ."

ಶರ್ಫುನ್ನೀಸಾ ಪೊಟ್ಟಣಕ್ಕೆ ಹೋಗಲಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. 'ಬೇಕು' ಎಂಬುದರ ಪಕ್ಕ ಮನೆಯ ಚಿತ್ರ ಇತ್ತು. ಅದರ ಮೇಲೆ ಮುದ್ರೆ ಒತ್ತಿದಳು. ಶಾಯಿ ಹಿಂಬದಿಗೂ ಇಳಿಯುವಷ್ಟು ಜೋರಾಗಿ ಒತ್ತಿದಳು.

ಆಮೇಲೆ ನೀಲಿ ಕೋಟಿನವರೇ ಮೇಜು ಎತ್ತಿಟ್ಟರು. ಚೆಲ್ಲಿದ ಟೀ ಒರೆಸಿದರು. ಪೊಟ್ಟಣದ ಕಾಗದ ಆಯ್ದರು.

*

ಅವಳಿಗೆ ಬೇಕಾಗಿದ್ದದ್ದು ಮನೆ ಎಂದು ಬಾಲರಾಜು ತಿಳಿದಿದ್ದ. ಅವಳಿಗೆ ಬೇಕಾಗಿದ್ದದ್ದು ಒಂದು ಚಿಲಕ.

ದಿನವೆಲ್ಲ ಕಕ್ಕಸು ತೊಳೆಯುತ್ತಾಳೆ. ಮೂರು ಮಹಡಿ. ಹುಡುಗರದು, ಹುಡುಗಿಯರದು, ಮೇಷ್ಟರದು, ಅತಿಥಿಗಳದು. ಬೋಗುಣಿಯೊಳಗೆ ಕೈ ಇಳಿಸಿ ಉಜ್ಜುತ್ತಾಳೆ. ಕೈಗವಸು ಹರಿದರೆ ಹೊಸದು ತಿಂಗಳಾದ ಮೇಲೇ. ಆದರೆ ಅವುಗಳಲ್ಲಿ ಯಾವುದರೊಳಗೂ ಅವಳು ಕೂರುವಂತಿಲ್ಲ. ನೀಲಿ ಕೋಟಿನವರಿಗೆ ಎಂದು ಕಟ್ಟಿದ್ದು ಗೇಟಿನ ಹತ್ತಿರ ಒಂದಿದೆ. ಅದರ ಬಾಗಿಲು ಮುರಿದಿದೆ. ಅದನ್ನು ಲಾರಿ ಡ್ರೈವರುಗಳು ಬಳಸುತ್ತಾರೆ.

ಒಮ್ಮೆ ಹೊಟ್ಟೆ ಕೆಟ್ಟಿತ್ತು. ತಡೆಯಲಾಗಲಿಲ್ಲ. ಎರಡನೇ ಮಹಡಿಯ ಸ್ಟಾಫ್ ಟಾಯ್ಲೆಟ್ಟಿಗೆ ನುಗ್ಗಿ ಚಿಲಕ ಹಾಕಿಕೊಂಡಳು. ಸೂಪರ್‌ವೈಸರ್ ನರೇಂದ್ರ ಎಲ್ಲಿಂದ ನೋಡಿದನೋ, ಬಾಗಿಲು ಬಡಿಯತೊಡಗಿದ.

"ಯಾರೇ ಒಳ್ಗೆ? ಸರ್ಫಮ್ಮಾ! ಬಾ ಆಚೆಗೆ! ಹೊಲ ಇಲ್ವಾ ನಿಮ್ಗೆ? ತೋಪಿಲ್ವಾ?"

ಅವಳು ಬರುವ ತನಕ ಬಡಿದ. ಬಂದಾಗ ಹುಡುಗಿಯರು ಗುಂಪಾಗಿ ನಿಂತಿದ್ದರು. ಅವರ ಎದುರಿಗೇ ಅವಳ ಕೈಯಲ್ಲೇ ಮತ್ತೆ ಅದನ್ನು ತೊಳೆಸಿದ. ಒಂದು ಸಲ ತೊಳೆದಾದ ಮೇಲೆ ಮೂಗು ಮುಚ್ಚಿಕೊಂಡು, "ಇನ್ನೊಂದ್ಸಲ," ಅಂದ. ಒಬ್ಬ ಹುಡುಗಿ ನೆಲ ನೋಡಿದಳು. ಉಳಿದವರು ಫೋನು ನೋಡಿದರು.

ಅಂದಿನಿಂದ ಕೆಲಸಕ್ಕೆ ಬಂದ ಮೇಲೆ ಅವಳು ನೀರು ಕುಡಿಯುವುದನ್ನು ಬಿಟ್ಟಳು.

ವಾಸ ವಿಶ್ವವಿದ್ಯಾಲಯದ ಹಿಂದಿನ ಶೀಟ್ ಮನೆಗಳ ಸಾಲಿನಲ್ಲಿ. ಕಟ್ಟಡ ಕಟ್ಟಲು ಬಂದವರಿಗೆಂದು ಹಾಕಿದ್ದ ಶೀಟುಗಳು. ಕಟ್ಟಡ ಮುಗಿಯಿತು, ಶೀಟು ಉಳಿಯಿತು. ಹತ್ತಿರದ ಹಾರೋಹಳ್ಳಿಯೊಳಗೆ ಬಾಡಿಗೆಗೆ ಕೇಳಿ ನೋಡಿದ್ದಳು. ಹೆಸರು ಹೇಳಿದ ಮೇಲೆ ಮನೆ ಖಾಲಿ ಇಲ್ಲ. ಬೋರ್ಡು ಇನ್ನೂ ನೇತಾಡುತ್ತಿದ್ದರೂ ಖಾಲಿ ಇಲ್ಲ. ಶೀಟ್ ಸಾಲಿಗೆ ಕಕ್ಕಸಿಲ್ಲ. ಬೆಳಗಾಗುವ ಮುಂಚೆ ನೀಲಗಿರಿ ತೋಪಿಗೆ ಹೋಗಬೇಕು. ಮಗಳು ಮಹ್ವಿಶ್ ಜೊತೆಗೆ ಹೋಗುತ್ತಾಳೆ. ಒಬ್ಬರು ಕೂತರೆ ಇನ್ನೊಬ್ಬರು ಕಲ್ಲು ಹಿಡಿದು ನಿಲ್ಲಬೇಕು. ಫ್ಯಾಕ್ಟರಿಗಳಿಗೆ ಹೋಗುವ ಗಂಡಸರು ಮೊಬೈಲಿನ ಬೆಳಕನ್ನು ತೋಪಿನೊಳಗೆ ಬಿಟ್ಟು ನಗುತ್ತಾರೆ. ಮಹ್ವಿಶ್ ಅಲ್ಲಿಂದ ಬಂದು, ಮುಖ ತೊಳೆದು, ಕನಕಪುರದ ಕಾಲೇಜಿಗೆ ಬಸ್ಸು ಹತ್ತುತ್ತಾಳೆ. ಬಿ.ಕಾಂ. ಕೊನೆಯ ವರ್ಷ.

*

ಪ್ರಸ್ತಾವ ಪಾಸಾಯಿತು. ನೀಲಿ ಕೋಟುಗಳು ಬಾರದಿದ್ದರೆ ಬೀಳುತ್ತಿತ್ತು. ಬಾಲರಾಜು ಹಾರ ಹಾಕಿಸಿಕೊಂಡ. ಹಾರದ ಹೂವನ್ನು ಮಾರನೆಯ ದಿನ ಮುನಿಯಮ್ಮ ಗುಡಿಸಿದಳು.

ಭಾನುವಾರ ಶರ್ಫುನ್ನೀಸಾ ಮಗಳನ್ನು ಕರೆದುಕೊಂಡು ಮನೆ ನೋಡಲು ಹೋದಳು. ಕೈಗಾರಿಕಾ ಪ್ರದೇಶದ ಆಚೆ ಸಣ್ಣ ಸಣ್ಣ ಮನೆಗಳನ್ನು ಕಟ್ಟುತ್ತಿದ್ದರು. ತೋರಿಸುವವನು ಗೌಸ್, ಅವಳ ಊರು ರಾಮನಗರದವನೇ. ಹೆಸರು ಕೇಳಿ ಮುಖ ಸಣ್ಣ ಮಾಡದ ಮೊದಲನೆಯವನು.

"ಒಂದು ರೂಮು, ಒಂದು ಅಡಿಗೆಮನೆ, ಇದು ಬಾತ್‌ರೂಮು. ಚಿಕ್ಕದೇ ಬೂಬಮ್ಮ. ಗಾಳಿ ಚೆನ್ನಾಗಿ ಬತ್ತದೆ."

ಅವಳು ರೂಮು ನೋಡಲಿಲ್ಲ. ಅಡಿಗೆಮನೆ ನೋಡಲಿಲ್ಲ. ಬಾತ್‌ರೂಮಿನೊಳಗೆ ಹೋಗಿ ಬಾಗಿಲು ಹಾಕಿ ಒಳಗಿನಿಂದ ಚಿಲಕ ಎಳೆದಳು. ಹೊಸ ಚಿಲಕ. ಬಣ್ಣ ಮೆತ್ತಿಕೊಂಡಿತ್ತು, ಬಿಗಿಯಾಗಿತ್ತು. ಎಳೆದಳು, ತೆಗೆದಳು, ಮತ್ತೆ ಎಳೆದಳು. ಸಿಮೆಂಟಿನ ವಾಸನೆ. ಇನ್ನೂ ನೀರಿನ ಸಂಪರ್ಕ ಬಂದಿರಲಿಲ್ಲ. ಮೂಲೆಯಲ್ಲಿ ಕೆಲಸದವರು ಬಿಟ್ಟುಹೋದ ಇಟ್ಟಿಗೆಗಳಿದ್ದವು. ಅವುಗಳ ಮೇಲೆ ಕೂತಳು.

"ಅಮ್ಮೀ," ಹೊರಗಿನಿಂದ ಮಹ್ವಿಶ್ ಕರೆದಳು. "ಏನ್ ಮಾಡ್ತಾ ಇದ್ದೀಯಾ?"

"ಸುಮ್ನೆ ಕೂತಿದ್ದೀನಿ."

"ಬಾ ಆಚೆ. ಅವರು ಕಾಯ್ತಾ ಇದ್ದಾರೆ."

"ಕಾಯ್ಲಿ ಬಿಡು."

ಯಾರೂ ಬಾಗಿಲು ಬಡಿಯಲಿಲ್ಲ. ಅವಳು ಅಲ್ಲಿ ಬಹಳ ಹೊತ್ತು ಕೂತಿದ್ದಳು.

*

ಸಾಲದ ನಿಯಮಗಳನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ಮಹ್ವಿಶ್ ಓದಿ ಹೇಳಿದಳು. ಹಾಜರಾತಿ ಯಂತ್ರದಲ್ಲಿ ಬೆರಳು ದಾಖಲಾದ ನೌಕರರಿಗೆ ಮಾತ್ರ. ಇನ್ನೂ ದಾಖಲಾಗದವರು ಸಾಲದ ದಿನವೇ ಬೆರಳಿಟ್ಟು ದಾಖಲಾಗಬಹುದು; ಯಂತ್ರ ಗೆರೆ ಓದಿ ಹಸಿರು ತೋರಿಸಬೇಕು.

ಶರ್ಫುನ್ನೀಸಾಳ ಬೆರಳು ಎಂದೂ ದಾಖಲಾಗಿರಲಿಲ್ಲ. ಅವಳ ಹಾಜರಿಯನ್ನು ಗೇಟಿನ ಕಾವಲಿನವನು ಕೈಯಲ್ಲಿ ಬರೆದುಕೊಳ್ಳುತ್ತಿದ್ದ. ರಾಮನಗರದಿಂದ ಬಂದ ಇನ್ನೂ ಕೆಲವು ಹೆಂಗಸರದೂ ಹಾಗೇ. ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಿಂದ ಬಂದವರು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳ ಅಪ್ಪನ ಮನೆ ಇತ್ತು. ಸೂರು ಕುಸಿದಿತ್ತು. ಸೂರಿಗೆಂದು ಅಪ್ಪ ಶೆಡ್ಡಿನ ಮಾಲೀಕನಿಂದ ಮುಂಗಡ ತಂದ. ಅದಕ್ಕೆ ಬದಲಾಗಿ ಮಗಳನ್ನು ಬಿಟ್ಟುಬಂದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಯಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ. ಮುಂಗಡ ತೀರುವ ತನಕ ಹುಡುಗಿ ಶೆಡ್ಡಿನವಳು. ಅವಳ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ. ಕುದಿಯುವ ತೊಟ್ಟಿಯೊಳಗೆ ಕೈ ಹಾಕಿ, ತೇಲುವ ಗೂಡುಗಳಿಂದ ಎಳೆ ಹಿಡಿದು ಕೊಡಬೇಕು. ಬೆರಳು ಬೆಂದು ಬೆಳ್ಳಗಾಗುತ್ತಿತ್ತು. ಚರ್ಮ ಸುಲಿಯುತ್ತಿತ್ತು. ಸುಲಿದ ಮೇಲೇ ಮತ್ತೆ ಬಿಸಿನೀರು. ಸತ್ತ ಹುಳದ ನಾತ ಊಟದ ತಟ್ಟೆಗೂ ಬರುತ್ತಿತ್ತು. ಮುಂಗಡ ತೀರಲಿಲ್ಲ. ತೀರುವ ಹೊತ್ತಿಗೆ ಅಪ್ಪ ಇನ್ನೊಂದು ತರುತ್ತಿದ್ದ. ಅವಳು ದೊಡ್ಡವಳಾದಳು, ಮುಕ್ತಿಯಾರ್‌ನನ್ನು ಕಟ್ಟಿಕೊಂಡಳು. ಅವನು ಚನ್ನಪಟ್ಟಣದಲ್ಲಿ ಬೊಂಬೆಗಳಿಗೆ ಅರಗು ಹಚ್ಚುತ್ತಿದ್ದವನು, ಕೆಮ್ಮಿ ಕೆಮ್ಮಿ ಸತ್ತ. ಶೆಡ್ಡಿಗೆ ದೊಡ್ಡ ಮೆಷಿನ್ನು ಬಂತು. ಕೈಗಳು ಬೇಡವಾದವು. ಅವಳು ಇಲ್ಲಿಗೆ ಬಂದಳು. ಬೆರಳಲ್ಲಿ ಬಿಸಿನೀರು ಉಳಿಸಿದ್ದ ಗೆರೆಗಳನ್ನು ಆಸಿಡ್ಡು ತಿಂದಿತು.

ಬಾಲರಾಜುವಿನ ಮನೆಯವರು ದೊಡ್ಡಆಲಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದರು. ಅವರ ಗೂಡು ರಾಮನಗರಕ್ಕೇ ಬರುತ್ತಿತ್ತು. ಅವನ ಶಾಲೆಯ ಫೀಸೂ ಆ ತೊಟ್ಟಿಯಲ್ಲೇ ಬೆಂದಿತ್ತು. ಅದು ಅವನಿಗೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯ ಅವನಿಗೆ ಎಂದೂ ಬಂದಿಲ್ಲ.

ಅವಳು ಬೆರಳನ್ನು ವಾಪಸು ತರಲು ಹೊರಟಳು.

ಶೆಡ್ಡಿನಲ್ಲಿ ಬೆರಳು ಸುಲಿದಾಗ ಹೆಂಗಸರು ಮೆಹಂದಿ ಹಚ್ಚಿಕೊಳ್ಳುತ್ತಿದ್ದರು. ಅಂದಕ್ಕಲ್ಲ. ಚರ್ಮ ಗಟ್ಟಿಯಾಗಲೆಂದು. ಮೆಹಂದಿ ಹಚ್ಚಿದರೆ ಕೈ ಮತ್ತೆ ಕೈಯಾಗುತ್ತದೆ ಎಂದು ಅವಳ ತಾಯಿ ಅನ್ನುತ್ತಿದ್ದಳು. ಹಾಗಾಗಿ ಅವಳು ಸೊಪ್ಪು ಅರೆದಳು. ರಜೆ ಕೇಳಿದಳು. ನರೇಂದ್ರ ಕೊಡಲಿಲ್ಲ. ತನ್ನ ಮಹಡಿಗಳ ಆಸಿಡ್ ಕೆಲಸವನ್ನು ಮುನಿಯಮ್ಮನಿಗೆ ಕೊಟ್ಟು, ಮುನಿಯಮ್ಮನ ಗುಡಿಸುವ ಕೆಲಸ ತೆಗೆದುಕೊಂಡಳು. ಬೆರಳ ತುದಿಗಳಿಗೆ ಮೆಹಂದಿ ಮೆತ್ತಿ ಬಟ್ಟೆ ಸುತ್ತಿಕೊಂಡು ಮಲಗಿದಳು. ಮತ್ತೆ ಮತ್ತೆ ಹಚ್ಚಿದಳು. ಬೆರಳುಗಳು ಕೆಂಪಾದವು, ಆಮೇಲೆ ಕಪ್ಪಾದವು.

"ಏನ್ ಸರ್ಫಮ್ಮ, ನಿಕಾ ಗಿಕಾ ಐತಾ? ಗಂಡು ಯಾರು, ನರೇಂದ್ರನಾ?"

"ತೂ! ನಿನ್ ಬಾಯಿಗೆ ಆಸಿಡ್ ಹಾಕ. ಇಲ್ ನೋಡು. ಗೆರೆ ಕಾಣ್ತದಾ?"

ಮುನಿಯಮ್ಮ ಬಿಸಿಲಿಗೆ ಹಿಡಿದು ನೋಡಿದಳು. ಕಪ್ಪಿನೊಳಗೆ ಎಲ್ಲೋ ಒಸಿ ಗೆರೆ ಕಂಡಂತೆ ಆಯಿತು. "ಐತೆ ಕಣೇ. ಇಲ್ಲೊಂದೈತೆ. ಇಲ್ಲೂ ಐತೆ. ಐತೆ!"

ಇಬ್ಬರೂ ಕೈ ಹಿಡಿದುಕೊಂಡು ಪೊರಕೆಗಳ ನಡುವೆ ನಿಂತಿದ್ದರು.

*

ಸಾಲದ ದಿನ ಸಂಘದ ಆಫೀಸಿನಲ್ಲಿ ಫ್ಯಾನು ತಿರುಗುತ್ತಿತ್ತು. ಗಾಜಿನ ಮೇಜಿನ ಮೇಲೆ ಅದೇ ಯಂತ್ರ. ಮುನಿಯಮ್ಮ ಮೊದಲು ಹೋದಳು. ಇಟ್ಟಳು. ಹಸಿರು. ಅವಳೇ ಬೆಚ್ಚಿದಳು.

"ಇದೇನ್ರಪ್ಪ, ನಂಗ್ ಬ್ಯಾಡ್ದೆ ಇದ್ರೂ ಒಪ್ಕಂಡ್ ಬುಟ್ಟದೆ!"

ಶರ್ಫುನ್ನೀಸಾ ಇಟ್ಟಳು. ಕೆಂಪು.

ಬಾಲರಾಜು ಅವಳ ಕೈಯನ್ನು ತಿರುಗಿಸಿ ನೋಡಿದ. "ಏನಮ್ಮ ಇದು?"

ಅಕ್ಕ ಎಂಬುದು ಹೋಗಿ ಅಮ್ಮ ಆಗಿತ್ತು.

"ಮೆಹಂದಿ ಸಾರ್."

"ಮೆಹಂದಿ ಹಾಕಿದ್ರೆ ಒಳ್ಳೆ ಬೆರಳೇ ಬರಲ್ಲ. ಮದುಮಕ್ಕಳದೇ ಬರಲ್ಲ. ನಿಂಗ್ಯಾರು ಹಾಕು ಅಂದ್ರು? ಇರೋದನ್ನೂ ಮುಚ್ಕೊಂಡ್ ಬಂದಿದ್ದೀಯಲ್ಲಮ್ಮ."

ಅವಳು ಬೆರಳನ್ನು ಕೋಟಿಗೆ ಉಜ್ಜಿದಳು. ಗೋಡೆಗೆ ಉಜ್ಜಿದಳು. ಉಗುಳು ಹಾಕಿ ಉಜ್ಜಿದಳು. ಮೆಹಂದಿ ಹೋಗಲಿಲ್ಲ. ಚರ್ಮ ಕಿತ್ತು ಒಸಿ ರಕ್ತ ಬಂತು. ಒತ್ತಿದಳು. ಕೆಂಪು. ಗಾಜಿನ ಮೇಲೆ ಕಲೆಯಾಯಿತು. ಬಾಲರಾಜು ಟಿಶ್ಯೂ ತೆಗೆದು ಯಂತ್ರವನ್ನು ಒರೆಸಿದ.

"ನಂದೇ ಕುಯ್ಕಂಡ್ ಹೋಗೇ," ಎಂದು ಮುನಿಯಮ್ಮ ತನ್ನ ಹೆಬ್ಬೆರಳನ್ನು ಚಾಚಿದಳು. ಈ ಸಲ ಯಾರೂ ನಗಲಿಲ್ಲ.

ಮಹ್ವಿಶ್ ಮುಂದೆ ಬಂದಳು. ಅಂದು ಕಾಲೇಜು ಬಿಟ್ಟು ತಾಯಿಯ ಜೊತೆ ಬಂದಿದ್ದಳು.

"ಸರ್, ಕಣ್ಣಿನ ಯಂತ್ರ ಇಡಬಹುದಲ್ಲ? ರೇಷನ್ ಅಂಗಡೀಲೇ ಇದೆ."

"ಅದು ಸರ್ಕಾರದ್ದಮ್ಮ. ಇದು ಸಂಘದ್ದು."

"ಓಟ್ ಹಾಕೋವಾಗ ನೀವು ನಿಮ್ಮ ಕಾರ್ಡ್ ತೋರಿಸಿದ್ರಂತೆ. ಈಗ್ಲೂ ತೋರಿಸಿ."

"ಓಟು ಬೇರೆ, ಸಾಲ ಬೇರೆ. ಓಟಿಗೆ ಆಡಿಟ್ ಇರಲ್ಲ."

"ಅಮ್ಮೀ ಸಂಬಳದಲ್ಲಿ ನಿಧಿಗೆ ಹಿಡಿದ್ರಲ್ಲ, ಅದಕ್ಕೆ ಬೆರಳು ಬೇಕಿರಲಿಲ್ವಾ?"

"ಅದು ತಾನಾಗೇ ಕಟ್ಟಾಗುತ್ತೆ ಕಣಮ್ಮ. ನಾನೇನ್ ಮಾಡ್ಲಿ? ನಾನ್ ಮಾಡೋದಾಗಿದ್ರೆ ಮಾಡ್ತಿರಲಿಲ್ವಾ? ಯಂತ್ರ ಬೇಡ ಅಂತಿದೆ."

ಅವನ ದನಿಯಲ್ಲಿ ನಿಜವಾಗಿಯೂ ಬೇಸರ ಇತ್ತು. ಜಗಳ ಆಡಲು ಅಲ್ಲಿ ಯಾರೂ ಇರಲಿಲ್ಲ. ಬಯ್ಯಬೇಕೆಂದರೆ ಗಾಜನ್ನು ಬಯ್ಯಬೇಕು. ಶರ್ಫುನ್ನೀಸಾ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಕುರ್ಚಿ ಖಾಲಿ ಇತ್ತು. ಅಭ್ಯಾಸ.

ಮೂಲೆಯಲ್ಲಿದ್ದ ನರೇಂದ್ರ ಬಂದು ಬಾಲರಾಜುವಿನ ಕಿವಿಯಲ್ಲಿ ಏನೋ ಹೇಳಿದ. ಬಾಲರಾಜು ಮಹ್ವಿಶ್ ಕಡೆ ನೋಡಿದ. ಅವಳ ಮುಖ ನೋಡಲಿಲ್ಲ. ಕೈ ನೋಡಿದ.

"ನೀನ್ ಒಸಿ ಬೆರಳಿಡು ನೋಡೋಣ. ಸುಮ್ನೆ."

"ನಾನಾ? ಯಾಕೆ?"

"ಇಡಮ್ಮ. ನೋಡೋದಕ್ಕೆ."

ಮಹ್ವಿಶ್ ಇಟ್ಟಳು. ಗಾಜಿಗೆ ಸರಿಯಾಗಿ ಒತ್ತಲೂ ಇಲ್ಲ. ಪರದೆಯ ಮೇಲೆ ಬೆರಳು ಮೂಡಿತು. ಸುತ್ತು ಸುತ್ತಾಗಿ ಗೆರೆಗಳು, ಒಂದರೊಳಗೊಂದು, ಉತ್ತ ಹೊಲದ ಹಾಗೆ. ಹಸಿರು.

"ನೋಡಿ! ಎಂಥ ಬೆರಳು!" ಎಂದ ನರೇಂದ್ರ.

ಶರ್ಫುನ್ನೀಸಾ ಕೂತಲ್ಲಿಂದಲೇ ಪರದೆ ನೋಡಿದಳು. ಆ ಗೆರೆಗಳನ್ನು ಕಾಪಾಡಲು ಅವಳು ಮಗಳನ್ನು ಬಿಸಿನೀರಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಮನೆಯ ಪಾತ್ರೆಯನ್ನೂ ತಾನೇ ತೊಳೆಯುತ್ತಿದ್ದಳು.

ಬಾಲರಾಜು ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡು ಬಗ್ಗಿದ. ಮತ್ತೆ ಮೆಟ್ಟಿಲ ಕೆಳಗಿನ ದನಿ ಬಂತು.

"ದಾರಿ ಇದೆ ಅಕ್ಕ. ನಿನ್ನ ಕೆಲಸಕ್ಕೆ ಮಗಳನ್ನ ಸೇರಿಸ್ಕೊಳ್ತೀವಿ. ನಾಳೆಯಿಂದಲೇ. ಅವಳ ಬೆರಳು, ಅವಳ ಹೆಸರು. ಸಾಲ ಅವಳ ಹೆಸರಿಗೆ ಆಗುತ್ತೆ. ನಾನ್ ಮಾಡಿಸ್ಕೊಡ್ತೀನಿ. ನೀನು ಮನೇಲಿ ಆರಾಮಾಗಿರು."

"ಅವ್ಳ ಕಾಲೇಜು?"

"ಓದಿ ಏನ್ ಆಗ್ಬೇಕು? ಮನೆ ಆಗುತ್ತಲ್ಲ."

"ಎಲ್ಲಿ ಕೆಲಸ?"

"ನಿಂದೇ ಮೂರು ಮಹಡಿ," ಎಂದ ನರೇಂದ್ರ. "ವಯಸ್ಸಿನ್ ಕೈ, ಉಜ್ತದೆ."

"ಕೆಲಸ ಯಾವತ್ತು ಬಿಡಬಹುದು?" ಮಹ್ವಿಶ್ ಕೇಳಿದಳು.

"ಸಾಲ ತೀರೋವರೆಗೂ ಬಿಡೋ ಹಾಗಿಲ್ಲ. ಅದು ನಿಯಮ."

ಫ್ಯಾನು ತಿರುಗುತ್ತಿತ್ತು. ಮಹ್ವಿಶ್ ತಾಯಿಯ ಮುಖ ನೋಡಿದಳು. ಆಮೇಲೆ ಅವಳ ಬೆರಳ ತುದಿಯ ರಕ್ತ ನೋಡಿದಳು. ಮನೆಯ ಉರ್ದುವಿನಲ್ಲಿ ಮೆಲ್ಲಗೆ ಹೇಳಿದಳು: "ನಾನು ಮಾಡ್ತೀನಿ ಅಮ್ಮೀ. ತೋಪಿಗೆ ಹೋಗೋದು ತಪ್ಪುತ್ತಲ್ಲ."

ಬಾಲರಾಜುವಿಗೆ ಭಾಷೆ ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. ಯಂತ್ರವನ್ನು ಅವಳ ಕಡೆ ತಿರುಗಿಸಿದ. "ಇನ್ನೊಂದ್ಸಲ ಇಟ್ಬಿಡು. ಹೊಸ ನೌಕರರ ದಾಖಲಾತಿ ಅಂತ ಹೋಗುತ್ತೆ."

ಮಹ್ವಿಶ್ ಕೈ ಎತ್ತಿದಳು.

ಶರ್ಫುನ್ನೀಸಾ ನೆಲದಿಂದ ಎದ್ದಳು. ಮಂಡಿ ಲಟಕ್ಕೆಂದಿತು. ಆ ಕೈಯನ್ನು ಗಾಳಿಯಲ್ಲೇ ಹಿಡಿದು, ತನ್ನ ಕಪ್ಪು ಬೆರಳುಗಳೊಳಗೆ ಮಗಳ ಹೆಬ್ಬೆರಳನ್ನು ಮಡಚಿಕೊಂಡಳು.

"ಬ್ಯಾಡ."

"ಯೋಚ್ನೆ ಮಾಡಕ್ಕಾ. ಮನೆ ಕೈ ತಪ್ಪಿ ಹೋಗುತ್ತೆ."

"ಹೋಗ್ಲಿ."

"ಇನ್ಯಾವಾಗ ಸಿಕ್ಕುತ್ತೆ? ನಿಮ್ಮೋರಿಗೆ ಬಾಡಿಗೆಗೂ ಯಾರೂ ಕೊಡಲ್ಲ. ವಯಸ್ಸಿಗೆ ಬಂದಿರೋ ಮಗಳನ್ನ ಕಟ್ಕೊಂಡು ಇನ್ನೂ ಎಷ್ಟು ವರ್ಷ ಆ ತೋಪಿಗೆ..."

"ಬ್ಯಾಡ ಅಂದೆ."